ಗಾಜಿಲ್ಲದ ಬುದ್ಧ

ನನ್ನ ಶಿಬಿರಗಳಿಗೆ ಬರುವವರು ಮೊದಲು ಕೇಳುವುದು, ಯಾವ ಕಂಪನಿಯ ಪೇಸ್ಟಲ್ ತರಬೇಕು ಎಂದು. ಸ್ವಲ್ಪ ಸಲಿಗೆ ಬೆಳೆದ ಮೇಲೆ, ಇದನ್ನು ನೀವು ಎಲ್ಲಿ ಕಲಿತಿರಿ ಎಂದು. ಕಾಲೇಜಿನ ಹೆಸರು ಹೇಳಿದರೆ ಅವರಿಗೆ ಸಮಾಧಾನವಾಗುತ್ತದೆ, ನನಗೆ ಆಗುವುದಿಲ್ಲ. ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ನನ್ನ ಕೈ ಕಲಿಯಬೇಕಾದುದನ್ನು ಕಲಿತಾಗಿತ್ತು. ಪೇಸ್ಟಲ್ ಎಂಬ ಹೆಸರೇ ನಮ್ಮ ಮನೆಗೆ ತಡವಾಗಿ ಬಂತು. ನಾವು ಅದನ್ನು ಬಣ್ಣದ ಖಡು ಎನ್ನುತ್ತಿದ್ದೆವು. ಶಾಲೆಯ ಕರಿಹಲಗೆಯ ಮೇಲೆ ಬರೆಯುವ ಬಳಪಕ್ಕೆ ನಮ್ಮ ಕಡೆ ಖಡು ಎನ್ನುತ್ತಾರೆ. ಬಣ್ಣದ ಪುಡಿಯನ್ನು ಅಂಟಿನ ನೀರಿನಲ್ಲಿ ಕಲಸಿ ಕಡ್ಡಿ ಮಾಡಿ, ಒಣಗಿಸಿ, ಒರಟು ಕಾಗದದ ಮೇಲೆ ತಿಕ್ಕುವುದು, ಇಷ್ಟೇ ಆ ವಿದ್ಯೆ. ಬಣ್ಣ ಕಾಗದದೊಳಗೆ ಇಳಿಯುವುದಿಲ್ಲ, ಮೇಲೆ ಕೂತಿರುತ್ತದೆ. ಊದಿದರೆ ಉದುರುತ್ತದೆ, ಸೆರಗು ತಾಗಿದರೆ ಸೆರಗಿನ ಪಾಲಾಗುತ್ತದೆ. ಆದ್ದರಿಂದ ಚಿತ್ರ ಮುಗಿದ ಮೇಲೆ ಅದರ ಮುಂದೆ ಗಾಜು ಬೇಕೇ ಬೇಕು. ಇದೊಂದು ಗೊತ್ತಿದ್ದರೆ ನಮ್ಮ ಮನೆಯಲ್ಲಿ ಆ ವರ್ಷ ನಡೆದದ್ದು ಯಾರಿಗಾದರೂ ಅರ್ಥವಾಗುತ್ತದೆ.

ಮನೆ ಇದ್ದದ್ದು ವಿಜಾಪುರದ ಜೋರಾಪುರ ಪೇಟೆಯ ಬೆನ್ನಿಗೆ. ಪೇಟೆಯ ವ್ಯಾಪಾರಸ್ಥರ ಕಲ್ಲಿನ ಮನೆಗಳು ಮುಗಿದು ಒಂದು ಹಾಳುಗೋಡೆ ದಾಟಿದರೆ ನಮ್ಮವರ ಓಣಿ. ಮಣ್ಣಿನ ಮಾಳಿಗೆಯ ಎರಡು ಕೋಣೆ. ಒಳಗಿನದು ಅಡುಗೆಮನೆ, ಅಲ್ಲಿ ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಕೋಲೊಂದನ್ನು ಬಿಟ್ಟರೆ ಬರೀ ಹೊಗೆ. ಹೊರಗಿನದು ಪಡಸಾಲೆ, ನಾವು ಉಣ್ಣುವುದು, ಮಲಗುವುದು, ಜಗಳಾಡುವುದು ಎಲ್ಲ ಅಲ್ಲೇ. ಬಾಗಿಲಿಗೆ ಎದುರಾದ ಗೋಡೆ ಆಯಿಯದು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಆ ಗೋಡೆಯ ತುಂಬ ಆಕೆಯ ದೇವರುಗಳ ಪಟಗಳಿದ್ದವು. ದುರಗವ್ವ, ಎಲ್ಲವ್ವ, ಹನುಮಪ್ಪ, ಎಲ್ಲರೂ ಕಟ್ಟಿನೊಳಗೆ, ಗಾಜಿನ ಹಿಂದೆ. ಅಮಾವಾಸ್ಯೆ ಬಂದರೆ ಆಯಿ ಮುಂಜಾನೆ ತಾನು ಮಿಂದು, ಒಂದು ಪಾತ್ರೆಯಲ್ಲಿ ನೀರು ಬೆಚ್ಚಗೆ ಮಾಡಿ, ಹಳೆಯ ಧೋತರದಿಂದ ಹರಿದಿಟ್ಟುಕೊಂಡ ಮೆತ್ತನೆಯ ಅರಿವೆ ಅದ್ದಿ, ಒಂದೊಂದು ಪಟವನ್ನೂ ಒರೆಸುತ್ತಿದ್ದಳು. ಒರೆಸುವುದು ಎಂದರೆ ಆಕೆಗೆ ಸಿಟ್ಟು ಬರುತ್ತಿತ್ತು. ಅದು ಜಳಕ. ತಣ್ಣೀರು ಯಾಕೆ ಆಗುವುದಿಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಮನೆಯವರಿಗೆ ಯಾರಾದರೂ ತಣ್ಣೀರು ಹಾಕುತ್ತಾರೇನು ಎಂದಿದ್ದಳು. ಜಳಕ ಮುಗಿದ ಮೇಲೆ ಹಣೆಗೆ ಕುಂಕುಮ ಹಚ್ಚುವುದು ನನ್ನ ಕೆಲಸ. ಗಂಡ ಸತ್ತಂದಿನಿಂದ ಆಯಿ ಕುಂಕುಮದ ಬಟ್ಟಲಿಗೆ ಕೈ ಹಾಕುತ್ತಿರಲಿಲ್ಲ. ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಗೋಡೆಯ ಹತ್ತಿರ ಹಿಡಿಯುತ್ತಿದ್ದಳು.

ಅಪ್ಪ ಬಬಲೇಶ್ವರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಆ ದಿನಗಳಲ್ಲಿ ನಮ್ಮವರಿಗೆ ಊರೊಳಗೆ ಬಾಡಿಗೆ ಕೋಣೆ ಸಿಗುವುದು ಸುಲಭವಿರಲಿಲ್ಲ. ವಾರವಿಡೀ ಶಾಲೆಯ ಒಂದು ಮೂಲೆಯಲ್ಲೇ ಉಂಡು ಮಲಗಿ, ಶನಿವಾರ ಮಧ್ಯಾಹ್ನದ ಮೋಟಾರಿಗೆ ದಾರಿಯಲ್ಲಿನ ಸಾರವಾಡದ ಧೂಳನ್ನೆಲ್ಲ ಮೈಮೇಲೆ ಹೊತ್ತು ಬರುತ್ತಿದ್ದ. ಅವ್ವ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಗೆ ಕೂಲಿಗೆ ಹೋಗುತ್ತಿದ್ದಳು; ಬೆಳಕು ಹರಿಯುವ ಮುಂಚೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಕೂದಲಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡು ಬರುವವಳು. ಹೀಗಾಗಿ ನನ್ನನ್ನು ಸಾಕಿದ್ದು ಆಯಿ. ಹೆರಳು ಹಾಕಿದ್ದು, ಶಾಲೆಯಿಂದ ಬಂದಾಗ ಕಟಿ ರೊಟ್ಟಿಗೆ ಶೇಂಗಾ ಹಿಂಡಿ ಹಾಕಿ ಕೊಟ್ಟದ್ದು, ಬೈದದ್ದು, ಬೈದ ಮೇಲೆ ಅಪ್ಪಿಕೊಂಡದ್ದು ಎಲ್ಲ ಆಕೆಯೇ. ನನಗೆ ಹುಟ್ಟಿದಾಗ ಇಟ್ಟ ಹೆಸರೂ ಆಕೆಯದೇ ದೇವಿಯದು, ದುರಗವ್ವ. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ಮೇಲೆ ಶಾಲೆಯಲ್ಲಿ ಅದನ್ನು ಸುಜಾತಾ ಎಂದು ಬದಲಿಸಿದ. ಆಯಿ ಬದಲಿಸಲಿಲ್ಲ.

ದೀಕ್ಷೆಯ ಮಾತು ನಮ್ಮ ಓಣಿಯಲ್ಲಿ ಆಗ ಮನೆಮನೆಯಲ್ಲಿತ್ತು. ಕೆಲವರು ತೆಗೆದುಕೊಂಡರು, ಕೆಲವರು ಹೆದರಿದರು. ಅಪ್ಪನಿಗೆ ಹೆದರಿಕೆ ಇರಲಿಲ್ಲ, ನೆನಪುಗಳಿದ್ದವು. ಹುಟ್ಟಿ ಬೆಳೆದದ್ದು ಟಿಕೋಟಾದಲ್ಲಿ. ಅಲ್ಲಿ ಗುಡಿಗೆ ಕಾಯಿ ಕೊಡಲು ಹೋದರೆ ಆಯಿ ದೂರದಲ್ಲಿ ಕಾಯಿಯನ್ನು ನೆಲಕ್ಕಿಟ್ಟು ಹಿಂದೆ ಸರಿಯಬೇಕು. ಅದರ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಪ್ರಸಾದವನ್ನು ಎತ್ತರದಿಂದ ಸೆರಗಿಗೆ ಬಿಡುತ್ತಿದ್ದರು. ಮಗ ಆಕೆಯ ಸೀರೆ ಹಿಡಿದು ನಿಂತು ಅದನ್ನೆಲ್ಲ ನೋಡಿದ್ದ. ಒಂದು ಭಾನುವಾರ ಊಟವಾದ ಮೇಲೆ ಅವನು ಗೋಡೆಯತ್ತ ನೋಡುತ್ತ ಹೇಳಿಬಿಟ್ಟ:

"ಇವು ಇನ್ನ ನಮ್ಮ ಮನ್ಯಾಗ ಇರೂದು ಬ್ಯಾಡ ಬೇ."

"ಇವೇನ ಮಾಡ್ಯಾವೋ ನಿನಗ?" ಎಂದಳು ಆಯಿ.

"ಏನೂ ಮಾಡಿಲ್ಲ. ಇಷ್ಟ ವರ್ಷ ಏನೂ ಮಾಡಲಿಲ್ಲಲಾ, ಅದಕ್ಕ."

ಆ ಜಗಳ ಬಹಳ ದಿನ ನಡೆಯಿತು, ಆದರೆ ಕೂಗಾಟವಿರಲಿಲ್ಲ. ಕೊನೆಗೆ ಪಟಗಳನ್ನು ಇಳಿಸಿದ್ದು ಆಯಿಯೇ. ಮಗನ ಕೈಯಿಂದ ಇಳಿಸುವುದು ಬೇಡ ಎಂದಳು. ಎಲ್ಲದಕ್ಕೂ ಮತ್ತೊಮ್ಮೆ ಬೆಚ್ಚಗಿನ ನೀರಿನ ಜಳಕ ಮಾಡಿಸಿ, ತನ್ನ ಒಳ್ಳೆಯ ಸೀರೆಯಲ್ಲಿ ಕಟ್ಟಿ, ಟಿಕೋಟಾದಲ್ಲಿದ್ದ ಮಗಳ ಮನೆಗೆ ಕಳಿಸಿಕೊಟ್ಟಳು. ಪಟಗಳಿದ್ದ ಕಡೆ ಸುಣ್ಣ ಬೆಳ್ಳಗೆ ಉಳಿದು, ಸುತ್ತಲಿನ ಗೋಡೆ ಹೊಗೆ ಹಿಡಿದಿತ್ತು. ಆಯಿ ಅದನ್ನು ನೋಡಿ ಒಂದೇ ಮಾತು ಹೇಳಿದಳು.

"ಗ್ವಾಡಿ ಬೋಳಾತು. ನಾ ಬೋಳಾದ್ದು ಸಾಲಲಿಲ್ಲೇನು? ದೀಪಾವಳಿ ತನಕಾ ನೋಡ್ತೇನಿ. ಆಮ್ಯಾಲೂ ಗ್ವಾಡಿ ಹಿಂಗ ಇತ್ತಂದ್ರ ನಾ ಮಗಳ ಮನಿ ಹಾದಿ ಹಿಡೀತೇನಿ."

ಅಂದಿನಿಂದ ಆಕೆ ಗೋಡೆಗೆ ಬೆನ್ನು ಮಾಡಿ ಉಣ್ಣತೊಡಗಿದಳು. ಅವ್ವ ಬಡಿಸುವಾಗ ಅಪ್ಪನ ಮುಖ ನೋಡುತ್ತಿದ್ದಳು, ಅಪ್ಪ ತಟ್ಟೆ ನೋಡುತ್ತಿದ್ದ. ದೊಡ್ಡವರ ಧರ್ಮ ಕರ್ಮ ನನಗೆ ತಿಳಿಯುತ್ತಿರಲಿಲ್ಲ. ನನಗಿದ್ದದ್ದು ಒಂದೇ ಭಯ: ಆಯಿ ಹೋದರೆ ನಾನು ಶಾಲೆಯಿಂದ ಯಾರ ಹತ್ತಿರ ಬರಬೇಕು? ಆ ಭಯವನ್ನು ಅಪ್ಪನಿಗೆ ಹೇಳಿಯೂ ಹೇಳಿದೆ. ಅವನು ನನ್ನ ತಲೆ ಸವರಿ, ಗೋಡೆ ತುಂಬಿಸೋಣ ಬಿಡು ಎಂದ. ಅಂಗಡಿಯಲ್ಲಿ ಸಿಗುವ ಬುದ್ಧನ ಪಟ ತರಬಹುದಿತ್ತು. ಅಪ್ಪನಿಗೆ ಅದು ಒಪ್ಪಿಗೆಯಿರಲಿಲ್ಲ. ನಮ್ಮ ಗೋಡೆಗೆ ಬರುವವನನ್ನು ನಮ್ಮ ಮನೆಯಲ್ಲೇ ಮಾಡಬೇಕು ಎಂದು ಹಟ ಹಿಡಿದ.

ಹಾಗೆ ನಮ್ಮ ಪಡಸಾಲೆ ಕಾರ್ಖಾನೆಯಾಯಿತು. ಕರಿಹಲಗೆಯ ಮೇಲೆ ಹಿಡಿಯಲಾರದಷ್ಟು ಸಣ್ಣವಾದ ಖಡುವಿನ ತುಂಡುಗಳನ್ನು ಅಪ್ಪ ಜೇಬು ತುಂಬ ತರುತ್ತಿದ್ದ. ಅವ್ವ ಅವನ್ನು ಕುಟ್ಟಿ ಸಾಣಿಸುವಳು. ಕೆಂಪಿಗೆ ಹುರಮಂಜು, ಹಳದಿಗೆ ಗೋಪಿಮಣ್ಣು, ನೀಲಿಗೆ ಅರಿವೆಗೆ ಹಾಕುವ ನೀಲಿ, ಕಪ್ಪಿಗೆ ಜೋಳದ ದಂಟಿನ ಮಸಿ. ಅಂಟು ಓಣಿಯಾಚೆಯ ಜಾಲಿ ಮರಗಳದು. ಅದನ್ನು ಕಿತ್ತು ತರುವುದು ನನ್ನ ಪಾಲಿನ ಕೆಲಸ. ಎಲ್ಲ ಕಲಸಿ ಅಪ್ಪ ಕಡ್ಡಿ ಹೊಸೆಯಲು ಕೂತರೆ ಅವು ಇಲಿ ತಿಂದ ಹಾವಿನಂತೆ ನಡುವೆ ಉಬ್ಬಿ, ಒಣಗಿದ ಮೇಲೆ ಮುರಿಯುತ್ತಿದ್ದವು. ಆಯಿ ಗೋಡೆಗೆ ಬೆನ್ನು ಹಾಕಿ ಕೂತವಳು ಎರಡು ಭಾನುವಾರ ತಡೆದುಕೊಂಡಳು. ಕೆಲಸ ಕೆಡುವುದನ್ನು ನೋಡುವುದು ಆಕೆಯಿಂದ ಆಗದ ಮಾತು. ಮೂರನೆಯ ಭಾನುವಾರ ಶಾವಿಗೆ ಮಾಡುವ ಮಣೆ ತಂದು ನಡುವೆ ಇಟ್ಟು, "ಸರಿ ಅತ್ತಾಗ" ಎಂದು ಮಗನನ್ನು ದೂಡಿ ಕೂತಳು. ಅಂಗೈ ಹಿಂದೆ ಮುಂದೆ ಆಡಿದ್ದಷ್ಟೇ, ಒಂದೇ ದಪ್ಪದ ಕಡ್ಡಿಗಳು ಮಣೆಯಿಂದ ಇಳಿಯತೊಡಗಿದವು. ನಾನು ಅವನ್ನು ನೆರಳಿನಲ್ಲಿ ಹಾಸಿದ ಗೋಣಿಯ ಮೇಲೆ ಸಾಲಾಗಿ ಇಡುತ್ತಿದ್ದೆ. ಶಾವಿಗೆಯ ಹಾಡುಗಳನ್ನೇ ಆಕೆ ಹೇಳುತ್ತಿದ್ದಳು, ಆದರೆ ಬಾಯೊಳಗೆ, ಯಾರಿಗೂ ಕೇಳಿಸದ ಹಾಗೆ. ಸೋತೆ ಎಂದು ಮಗನಿಗೆ ಅನಿಸಬಾರದಲ್ಲ.

ಪೇಟೆಯಿಂದ ತಂದ ಕಂದು ಕಾಗದವನ್ನು ಹಲಗೆಗೆ ಅಂಟಿಸಿ ಅಪ್ಪ ಚಿತ್ರ ಶುರು ಮಾಡಿದ. ವಾರಕ್ಕೆ ಒಂದೂವರೆ ದಿನ ಮಾತ್ರ ಸಿಗುತ್ತಿದ್ದುದರಿಂದ ಶ್ರಾವಣ ಪೂರ್ತಿ ಹಿಡಿಯಿತು. ಮೊದಲು ಬುದ್ಧನ ಮೈಮೇಲೆ ಹೊದ್ದ ಚೀವರದ ಕಾವಿ ಬಣ್ಣ, ಆಮೇಲೆ ಭುಜ, ಕತ್ತು, ಎಲ್ಲಕ್ಕೂ ಕೊನೆಗೆ ಮುಖ. ಹಲಗೆಯ ಕೆಳಗಿನ ನೆಲದ ಮೇಲೆ ಪ್ರತಿ ಭಾನುವಾರ ಸಂಜೆ ಬಣ್ಣದ ಧೂಳು ಬಿದ್ದಿರುತ್ತಿತ್ತು. ಅಪ್ಪ ಬಬಲೇಶ್ವರಕ್ಕೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳುವ ಮಾತು ಒಂದೇ: "ಯಾರೂ ಮುಟ್ಟಬ್ಯಾಡ್ರಿ. ಅದು ಬರೇ ಧೂಳ ಐತಿ. ಮುಟ್ಟಿದ್ರ ಹೋತು." ನನಗೆ ಹೇಳಿದ, ಅವ್ವನಿಗೆ ಹೇಳಿದ, ಬೆಕ್ಕಿಗೂ ಹೇಳಿದ. ಆಯಿಗೆ ಬೇರೆಯಾಗಿ ಹೇಳುತ್ತಿದ್ದ, ಯಾಕೆಂದರೆ ಆಕೆಯ ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು. ಗೋಡೆ ಹಿಡಿದು ನಡೆಯುತ್ತಿದ್ದಳು. "ಯವ್ವಾ, ನೀ ಮುಟ್ಟಬ್ಯಾಡ ಬೇ." ಆಯಿ ಹೂಂ ಎನ್ನುತ್ತಿದ್ದಳು. ಆ ಹೂಂ ಪ್ರತಿ ವಾರ ಸಣ್ಣದಾಗುತ್ತಿತ್ತು ಎಂಬುದು ನಮಗ್ಯಾರಿಗೂ ಆಗ ಕೇಳಿಸಲಿಲ್ಲ.

ಮುಖ ಮೂಡಿದ ಭಾನುವಾರ ಆಯಿ ಹಲಗೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಕಣ್ಣ ಮುಚ್ಚ್ಯಾನಲ್ಲೋ ಇವಾ. ನಾವು ಬಂದದ್ದು ಇವಗ ಹೆಂಗ ಗೊತ್ತಾಗಬೇಕು?"

"ಯಾರ ಬಂದಾರ ಅಂತ ನೋಡೂದು ಇವಗ ಬೇಕಾಗಿಲ್ಲ ಬೇ. ಯಾರ ಬಂದ್ರೂ ಒಂದ."

ಆಯಿ ಬಹಳ ಹೊತ್ತು ಅಲ್ಲೇ ನಿಂತಳು. ಆ ದಿನ ಊಟಕ್ಕೆ ಕೂತಾಗ ಆಕೆಯ ಮುಖ ಗೋಡೆಯ ಕಡೆಗಿತ್ತು. ಅವ್ವ ಅದನ್ನು ನೋಡಿ ನನಗೆ ಕಣ್ಣು ಮಿಟುಕಿಸಿದಳು. ಪುಂಡಿಪಲ್ಯ ಎಲ್ಲರಿಗೂ ಎರಡೆರಡು ಸಲ ಬಿತ್ತು. ಅಪ್ಪನಿಗೆ ಇನ್ನೊಂದು ಸಂತೋಷವೂ ಇತ್ತು. ದೀಪಾವಳಿಯ ಸೂಟಿಯಲ್ಲಿ ಜಿಲ್ಲೆಯ ಡ್ರಾಯಿಂಗ್ ಮಾಸ್ತರರು ಕೂಡಿ ಸ್ಟೇಷನ್ ರಸ್ತೆಯ ಒಂದು ಹಾಲಿನಲ್ಲಿ ಚಿತ್ರ ಪ್ರದರ್ಶನ ಇಡುವವರಿದ್ದರು. ಅಪ್ಪನ ಚಿತ್ರಕ್ಕೂ ಜಾಗ ಸಿಕ್ಕಿತ್ತು. ಕಟ್ಟು ಹಾಕುವ ಅಂಗಡಿಯವನು ಇಷ್ಟು ದೊಡ್ಡ ಗಾಜು ಸೊಲ್ಲಾಪುರದಿಂದ ಬರಬೇಕು, ತಡವಾಗುತ್ತದೆ ಎಂದ. ಅಲ್ಲಿಯವರೆಗೆ ಇರಲಿ ಎಂದು ಅಪ್ಪ ಚಿತ್ರವನ್ನು ಗಾಜಿಲ್ಲದೆಯೇ ಆ ಗೋಡೆಗೆ ತೂಗುಹಾಕಿದ. ದುರಗವ್ವನ ಪಟವಿದ್ದ ಮೊಳೆಯೇ ಅದಕ್ಕೂ ಸಾಕಾಯಿತು.

ಮಹಾನವಮಿಯ ಮುಂಚಿನ ಅಮಾವಾಸ್ಯೆ ವಾರದ ನಡುವೆ ಬಂತು. ಮನೆಗೆ ಸಾರಣೆ ಕಾರಣೆ ಮಾಡುವ ದಿನಗಳು. ಶಾಲೆಗೆ ರಜೆ ಇತ್ತು, ಒಂದೇ ದಿನದ ರಜೆಗೆಂದು ಅಪ್ಪ ಬಂದಿರಲಿಲ್ಲ, ಅವ್ವ ಜಿನ್ನಿಗೆ ಹೋಗಿದ್ದಳು. ಆಯಿ ಮಿಂದು ಬಂದು ಒಲೆಯ ಮೇಲೆ ನೀರಿಟ್ಟಾಗಲೇ ನನಗೆ ಹಿಗ್ಗಾಯಿತು. ಎಷ್ಟೋ ತಿಂಗಳಿಂದ ನಮ್ಮ ಮನೆಯಲ್ಲಿ ಈ ಅಮಾವಾಸ್ಯೆಯ ಕೆಲಸ ನಿಂತುಹೋಗಿತ್ತು. ಆಯಿ ಮೆತ್ತನೆಯ ಅರಿವೆ ಹುಡುಕಿ ತಂದು, ನೀರಿಗೆ ಬೆರಳು ಅದ್ದಿ ಬಿಸಿ ನೋಡಿ, ಬುದ್ಧನ ಮುಂದೆ ನಿಂತಳು. ಆಗ ನಾನು ತಡೆಯಬೇಕಿತ್ತು ಎಂದು ಆಮೇಲೆ ಕೆಲವರು ಅಂದರು. ಅಮಾವಾಸ್ಯೆಯ ದಿನ ಆಯಿಯನ್ನು ತಡೆಯುವವರು ನಮ್ಮ ಓಣಿಯಲ್ಲಿ ಹುಟ್ಟಿರಲಿಲ್ಲ. ದೇವರ ಜಳಕ ಮುಖದಿಂದ ಶುರುವಾಗುತ್ತದೆ. ಆಯಿ ಹಣೆಯಿಂದ ಗಲ್ಲದವರೆಗೆ ನಿಧಾನ ಒರೆಸಿದಳು. ಅರಿವೆ ಕಾವಿಯಾಯಿತು. ಹಿಂಡಿದಳು, ಪಾತ್ರೆಯ ನೀರೂ ಕಾವಿಯಾಯಿತು.

"ಎಷ್ಟ ಧೂಳ ಕುಂತೈತಿ ನೋಡ ದುರಗೀ. ಅದಕ್ಕ ನಿಮ್ಮಪ್ಪ ಧೂಳ ಐತಿ, ಧೂಳ ಐತಿ ಅಂತಿದ್ದ. ಅಂದವರು ಯಾರೂ ಒರಸಲಿಲ್ಲ, ಪಾಪ."

ಧೂಳು ಇರುವಷ್ಟೂ ಒರೆಸಿದಳು. ಕತ್ತು, ಭುಜ ಒರೆಸಿದಳು. ಆಮೇಲೆ ವಾಡಿಕೆಯಂತೆ ನನಗೆ ಕುಂಕುಮದ ಬಟ್ಟಲು ತರಹೇಳಿ, ನನ್ನನ್ನು ಸೊಂಟಕ್ಕೆ ಎತ್ತಿ ಗೋಡೆಯ ಹತ್ತಿರ ಹಿಡಿದಳು. ನಾನು ಬೆರಳಿಗೆ ಕುಂಕುಮ ತೆಗೆದುಕೊಂಡು ನೋಡಿದೆ. ಎದುರಿಗೆ ತೊಯ್ದ ಕಂದು ಕಾಗದವಿತ್ತು.

"ಎಲ್ಲಿ ಹಚ್ಚಲಿ ಆಯಿ? ಹಣಿ ಕಾಣವಲ್ಲದು."

ಆಯಿ ನನ್ನನ್ನು ಕೆಳಗಿಳಿಸಿದಳು. ಕಾಗದಕ್ಕೆ ಮುಖ ತಾಗಿಸಿ ನೋಡಿದಳು. ಕೈಯಿಂದ ತಡವಿ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಪಾತ್ರೆಯ ಪಕ್ಕದಲ್ಲಿ ಕೂತವಳು ಅವ್ವ ಬರುವವರೆಗೂ ಏಳಲಿಲ್ಲ. ಅವ್ವ ಬಂದು ನೋಡಿ ಹೌಹಾರಿದಳು. ಒಂದಿಷ್ಟು ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ಕಲಸಿ ಆಯಿಯ ಮುಂದಿಟ್ಟಳು, ಅದೂ ಹಾಗೆಯೇ ಉಳಿಯಿತು.

ಶನಿವಾರ ಅಪ್ಪ ಬಂದಾಗ ಅವ್ವ ಇನ್ನೂ ಜಿನ್ನಿನಲ್ಲಿದ್ದಳು. ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ಅಪ್ಪ ದನಿ ಎತ್ತಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಮುಟ್ಟಬ್ಯಾಡ ಮುಟ್ಟಬ್ಯಾಡ ಅಂತ ಎಷ್ಟ ಸಲ ಹೇಳೇನಿ ನಿನಗ! ನಿನ್ನ ದೇವರನ್ನ ನಾ ತಗಸಿದೆ ಅಂತ ನನ್ನವನ್ನ ಅಳಿಸಿದೇನು? ಸೇಡ ತೀರಿತೇನು ನಿಂದು?"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಆಯಿ ಎದ್ದು, ಎರಡು ಸೀರೆಯ ಗಂಟು ಕಟ್ಟಿಕೊಂಡು, ಟಿಕೋಟಾದ ಕಡೆ ಹೊರಟಿದ್ದ ಓಣಿಯವರೊಬ್ಬರ ಚಕ್ಕಡಿ ಹತ್ತಿ ಹೋದಳು. ನಾನು ಚಕ್ಕಡಿಯ ಹಿಂದೆ ಅಳುತ್ತ ಓಡಿದೆ. ಆಕೆ ತಿರುಗಿ ನೋಡಲಿಲ್ಲ. ಅವ್ವ ಬಂದು ಸುದ್ದಿ ಕೇಳಿದಳು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ, ಗಂಡನ ಕಡೆ ನೋಡದೆ ಹೇಳಿದಳು:

"ಸೇಡ ತೀರಿಸ್ಕೊಳ್ಳಾಕಿ ನೀರ ಕಾಸ್ತಾಳೇನ್ರಿ? ತಣ್ಣೀರ ಸೋಕಿದ್ರೂ ಅದು ಹೋಗತಿತ್ತು. ಬೆಚ್ಚನ್ನ ನೀರ ಆಕಿ ಮನಿಯವರಿಗಷ್ಟ ಹಾಕ್ತಾಳ. ನಿಮ್ಮ ಬುದ್ಧನ್ನ ಆಕಿ ಒಳಗ ಕರ್ಕೊಂಡಿದ್ದಳು. ನೀವು ಆಕೀನ್ನ ಹೊರಗ ಹಾಕಿದ್ರಿ."

ಮಾತಿನ ನಡುವೆ ಅವ್ವನ ಕೈ ನಿಲ್ಲಲಿಲ್ಲ. ಆ ಒಂದು ರೊಟ್ಟಿ ಮಾತ್ರ ಹರಿದು ಹೋಯಿತು. ಅಪ್ಪ ಉಣ್ಣದೆ ಎದ್ದ.

ಮರುದಿನ ಮೊದಲ ಮೋಟಾರಿಗೆ ಅಪ್ಪ ನನ್ನನ್ನು ಕರೆದುಕೊಂಡು ಟಿಕೋಟಾಕ್ಕೆ ಹೋದ. ಅತ್ತೆಯ ಮನೆಯ ಅಂಗಳದಲ್ಲಿ ಆಯಿ ಶೇಂಗಾ ಸುಲಿಯುತ್ತ ಕೂತಿದ್ದಳು. ನಾನು ಹೋಗಿ ತೊಡೆಯ ಮೇಲೆ ಬಿದ್ದೆ. ಅಪ್ಪ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ತನ್ನದು ತಪ್ಪಾಯಿತು, ಮನೆಗೆ ಬಾ ಎಂದ. ಆಯಿ ಶೇಂಗಾ ಸುಲಿಯುತ್ತಲೇ ಇದ್ದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು.

"ಈ ಊರಾಗ ಗುಡಿ ಮುಂದ ನಿಂತ್ರ ಅಂದ್ರು, ಮುಟ್ಟಬ್ಯಾಡ, ದೂರ ನಿಲ್ಲ. ಬಾವಿ ಕಟ್ಟಿ ಹಂತ್ಯಾಕ ಹೋದ್ರೂ ಅದನ್ನ ಅಂದ್ರು. ಅವರು ಅಂದ್ರ ನಾ ಅತ್ತಿಲ್ಲಪಾ. ನೀ ಒಬ್ಬವನ್ನ ಕರ್ಕೊಂಡ ಬಂದಿ. ಇವಗ ಯಾರ ಬಂದ್ರೂ ಒಂದ ಅಂದಿ. ಅವನ ಮುಂದ ನಿಂತು ನೀನೂ ಅದನ್ನ ಅಂದಿ, ಮುಟ್ಟಬ್ಯಾಡ ಅಂತ. ಇರಲಿ, ಮಗ ಮರತು ಅಂತಾನ, ಅಂದ್ಕೊಂಡೆ. ಮುಟ್ಟಿದೆ." ಆಯಿ ಎರಡೂ ಅಂಗೈ ಮೇಲೆ ಮಾಡಿ ಮಗನಿಗೆ ತೋರಿಸಿದಳು. "ಮುಟ್ಟಿದ್ದಕ್ಕ ಅವನ ಮಾರೀನ ಹೋತ. ಅವರು ಹೇಳಿದ್ದ ಖರೆ ಆತಲ್ಲೋ ಯಪ್ಪಾ."

ಅಪ್ಪ ಅತ್ತ. ಬಾಯಿ ತೆರೆದು, ಸಣ್ಣ ಹುಡುಗರು ಅಳುವ ಹಾಗೆ, ಅತ್ತೆಯೂ ನೆರೆಯವರೂ ನೋಡುತ್ತಿದ್ದಂತೆ ಅತ್ತ. ಶಾಲೆಯಲ್ಲಿ ಓದಿ, ದೀಕ್ಷೆ ತೆಗೆದುಕೊಂಡು, ಮಗಳ ಹೆಸರು ಬದಲಿಸಿ, ಗೋಡೆ ಬರಿದು ಮಾಡಿ ಅವನು ಯಾವ ಮಾತನ್ನು ಮನೆಯಿಂದ ಓಡಿಸಬೇಕೆಂದಿದ್ದನೋ ಅದನ್ನು ವಾರವಾರವೂ ಹೊಸ್ತಿಲಲ್ಲಿ ನಿಂತು ತಾನೇ ಆಡಿದ್ದ. ಬಣ್ಣದ ಬಗ್ಗೆ ಹೇಳಿದೆ, ನಿನ್ನ ಬಗ್ಗೆ ಅಲ್ಲ ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ; ಅದಕ್ಕಾಗಿ ನಾನು ಅವನನ್ನು ಇಂದಿಗೂ ಗೌರವಿಸುತ್ತೇನೆ. ಕಣ್ಣೊರೆಸಿಕೊಂಡು ಎದ್ದು ಆಯಿಯ ರಟ್ಟೆ ಹಿಡಿದ.

"ಖರೆ ಅಲ್ಲ ಬೇ. ತೋರಿಸ್ತೇನಿ, ನಡಿ."

"ಏನ ತೋರಸ್ತಿ?"

"ನಡಿಯಂದ್ರ ನಡಿ."

ಶೇಂಗಾ ಸುಲಿಯುವುದು ಮುಗಿಯಲಿ ಎಂದಳು ಆಯಿ. ಅಪ್ಪನೂ ಕೂತು ಸುಲಿದ, ನಾನೂ ಸುಲಿದೆ. ಮಧ್ಯಾಹ್ನದ ಮೋಟಾರಿಗೆ ಮೂವರೂ ವಿಜಾಪುರಕ್ಕೆ ಬಂದೆವು.

ಮನೆಗೆ ಬಂದವನೇ ಅಪ್ಪ ಹಲಗೆಯನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಮಲಗಿಸಿದ. ಹಳೆಯ ಕಾಗದದ ಮೇಲೆ ಹೊಸದು ಅಂಟಿಸಿದ. ಅದನ್ನು ಒಣಗಲು ಬಿಟ್ಟ. ಆಮೇಲೆ ಮುಖದ ಗೆರೆ ಎಳೆದು, ಕೆನ್ನೆಯ ಜಾಗದಲ್ಲಿ ಕಾವಿ, ಬಿಳಿ, ಹಳದಿ ಕಡ್ಡಿಗಳನ್ನು ದಪ್ಪಗೆ ಅಡ್ಡಾದಿಡ್ಡಿ ತಿಕ್ಕಿದ. ನೋಡಲು ಅದು ಮುಖವಾಗಿರಲಿಲ್ಲ, ಗಾಯದಂತಿತ್ತು. ಅಪ್ಪ ಹಿಂದೆ ಸರಿದು ಆಯಿಯನ್ನು ಕರೆದ.

"ಮುಟ್ಟ ಬೇ."

ಆಯಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಒಲ್ಲೆ ಎಂದು ತಲೆಯಾಡಿಸಿದಳು. ಅಪ್ಪ ಅವಸರ ಮಾಡಲಿಲ್ಲ. ಖಡುವಿನ ಚಿತ್ರವನ್ನು ಯಾರಾದರೂ ಬೆರಳಿಂದ ತಿಕ್ಕದೆ ಅದರೊಳಗೆ ಜೀವ ಬರುವುದಿಲ್ಲ, ಹಿಂದಿನ ಮುಖವನ್ನೂ ತಾನು ಮುಟ್ಟಿ ಮುಟ್ಟಿಯೇ ಮಾಡಿದ್ದು, ಅದನ್ನು ಹೇಳದೇ ಇದ್ದದ್ದು ತನ್ನ ದಡ್ಡತನ ಎಂದ. ಅವ್ವ ಹಿಂದಿನಿಂದ ಬಂದು ಆಯಿಯ ಬಲಗೈಯನ್ನು ಸೆರಗಿನಿಂದ ಮೆಲ್ಲಗೆ ಬಿಡಿಸಿದಳು. ಆಯಿ ಬಾಗಿ, ಹೆಬ್ಬೆರಳನ್ನು ಆ ಗೀಚುಗಳ ಮೇಲಿಟ್ಟು, ಹೆದರಿ ತೆಗೆದು, ಮತ್ತೆ ಇಟ್ಟಳು. ಆಮೇಲೆ ಒತ್ತಿ ಎಳೆದಳು. ರೊಟ್ಟಿಯ ಹಿಟ್ಟು, ಒಲೆಯ ಬೂದಿ ಮುಟ್ಟಿ ಮುಟ್ಟಿ ಒಣಗಿದ ಆ ಬೆರಳಿನ ಕೆಳಗೆ ಮೂರು ಬಣ್ಣ ಕೂಡಿಕೊಂಡು ಅಲ್ಲೊಂದು ಕೆನ್ನೆ ಬಂತು. ಆಯಿಗೆ ಕಂಡಿತೋ ಇಲ್ಲವೋ ಎಂದು ನಾನು ಕೂಗಿದೆ: "ಬಂದಾನ ಆಯಿ, ಬಂದಾನ!" ಆಕೆ ಹೂಂ ಎಂದಳು. ಈ ಹೂಂ ಓಣಿಗೆಲ್ಲ ಕೇಳಿಸಿತು.

ನನ್ನ ಕಲಿಕೆ ಅಂದು ಮುಗಿಯಿತು ಎಂದು ನಾನು ಹೇಳುವುದು ಇದಕ್ಕೇ. ಇನ್ನೊಂದು ಕೆನ್ನೆಗೆ ಅಪ್ಪ ನನ್ನ ಬೆರಳು ಹಿಡಿದು ತಿಕ್ಕಿಸಿದ; ಅದು ಕೊಂಚ ಊದಿಕೊಂಡಂತಾಯಿತು, ಅಪ್ಪ ತಿದ್ದಲಿಲ್ಲ. ತುಟಿಯ ನೆರಳು ಅವ್ವನದು. ಮುಂದೆ ನಾನು ಎಷ್ಟೋ ಒಳ್ಳೆಯ ಕಾಗದಗಳ ಮೇಲೆ, ಹಡಗಿನಲ್ಲಿ ಬಂದ ಬಣ್ಣಗಳಲ್ಲಿ ಚಿತ್ರ ಮಾಡಿದ್ದೇನೆ. ತಿಕ್ಕುವುದಕ್ಕೆ ಕಾಗದದ ಬತ್ತಿಗಳು ಸಿಗುತ್ತವೆ, ಅವನ್ನು ಬಳಸುವವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ನನ್ನ ಶಿಬಿರದಲ್ಲಿ ಅವಕ್ಕೆ ಜಾಗವಿಲ್ಲ. ಕೈ ಹೊಲಸಾಗುತ್ತದೆ ಎನ್ನುವವರಿಗೆ ನಾನು ಪೇಸ್ಟಲ್ ಬೇಡ, ಬೇರೆ ಏನಾದರೂ ಕಲಿಯಿರಿ ಎಂದು ಹೇಳಿ ಕಳಿಸಿದ್ದೂ ಉಂಟು. ಮಾತು ಕೊಂಚ ಕಟುವಾಗಿರುತ್ತದೆ, ಗೊತ್ತು.

ದೀಪಾವಳಿಯ ಸೂಟಿ ಬಂದರೂ ಸೊಲ್ಲಾಪುರದ ಗಾಜು ಬರಲಿಲ್ಲ. ಅಪ್ಪ ಚಿತ್ರವನ್ನು ಹಾಗೆಯೇ, ಎದೆಯ ಮುಂದೆ ಹಲಗೆ ಹಿಡಿದು, ಗಾಳಿಗೆ ಬೆನ್ನು ಮಾಡಿ ಅಡ್ಡಡ್ಡ ನಡೆಯುತ್ತ ಸ್ಟೇಷನ್ ರಸ್ತೆಯವರೆಗೆ ಒಯ್ದ. ಪ್ರದರ್ಶನದ ದಿನ ಅವ್ವ ಜಿನ್ನಿಗೆ ರಜೆ ಹಾಕಿದಳು. ಆಯಿ ಒಗೆದ ಸೀರೆ ಉಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದಳು. ಹಾಲಿನೊಳಗೆ ಹೋಗುವಾಗ ಬಾಗಿಲಲ್ಲಿ ತಡೆದು ನಿಂತಳು. ಯಾರಾದರೂ ಏನಾದರೂ ಅನ್ನುತ್ತಾರೇನೋ ಎಂದು ಕಾಯುವ ನಿಲುವು ಅದು. ಯಾರೂ ಏನೂ ಅನ್ನಲಿಲ್ಲ. ಒಳಗೆ ಕೋಟು ಟೊಪ್ಪಿಗೆಯ ಜನ, ಪೇಟೆಯ ಸಾವುಕಾರರು, ಅವರ ಹೆಂಡಂದಿರು ಚಿತ್ರದಿಂದ ಚಿತ್ರಕ್ಕೆ ಹೋಗುತ್ತಿದ್ದರು. ನಮ್ಮ ಬುದ್ಧನ ಮುಂದೆಯೂ ನಾಲ್ಕೈದು ಮಂದಿ ನಿಂತಿದ್ದರು. ಗಾಜಿಲ್ಲದ್ದನ್ನು ನೋಡಿ ಪ್ರದರ್ಶನದವರು ಅದರ ಕೆಳಗೆ ದಪ್ಪ ಅಕ್ಷರದ ಒಂದು ರಟ್ಟು ತೂಗುಹಾಕಿದ್ದರು. ಅಪ್ಪ ಅದನ್ನು ಅದೇ ಆಗ ನೋಡಿದ. ಆಯಿಗೆ ಓದು ಬಾರದು, ಆದರೆ ಬಿಳಿಯ ರಟ್ಟು ಮಬ್ಬಾಗಿ ಕಂಡಿತು.

"ಅದರ ಮ್ಯಾಲ ಏನ ಬರದಾರ ದುರಗೀ?"

ಅಪ್ಪ ನನ್ನ ಕಡೆ ನೋಡಿ ತಲೆಯಾಡಿಸಿದ, ಓದಬೇಡ ಎಂದು. ಆಯಿಗೆ ಸುಳ್ಳು ಹೇಳಿ ನನಗೆ ರೂಢಿಯಿರಲಿಲ್ಲ. ಹೊಸದಾಗಿ ಓದಲು ಕಲಿತವರ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ದೊಡ್ಡ ದನಿಯಲ್ಲಿ ಓದಿದೆ: "ಯಾರೂ ಮುಟ್ಟಬಾರದು."

ಆಯಿ ಸುತ್ತ ನಿಂತವರ ಮುಖಗಳನ್ನು, ಅವರ ಕೋಟುಗಳನ್ನು, ಜರಿಯ ಸೆರಗುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡಳು.

"ಹೌದ ಮತ್ತ, ಇವರು ಮುಟ್ಟೂದು ಬ್ಯಾಡ. ನಾ ಮುಟ್ಟೇನಿ."